ಕೊಡಚಾದ್ರಿಯ ಜೀಪಿನ ಅಡಿಯಲ್ಲಿ

ಕೊಡಚಾದ್ರಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಸೂರ್ಯಾಸ್ತದ ಬಗ್ಗೆ ಒಂದು ಮಾತು ಹೇಳಿದರೆ ಜೀಪಿನ ಕುಲುಕಾಟದ ಬಗ್ಗೆ ಹತ್ತು ಮಾತು ಹೇಳುತ್ತಾರೆ. "ಸೊಂಟ ಹೋಯ್ತು ಮಾರಾಯ್ರೆ", "ಮೇಲಿನ ಕಂಬಿಗೆ ನಾಲ್ಕು ಸಲ ತಲೆ ಬಡೀತು", "ಪಕ್ಕದ ಕಣಿವೆ ನೋಡಿ ಕಣ್ಣು ಮುಚ್ಚಿಕೊಂಡೆ" ಅಂತ. ಕೆಳಗೆ ಇಳಿದ ಮೇಲೆ ಡ್ರೈವರಿಗೆ ಕೈಮುಗಿದವರೂ ಇದ್ದಾರೆ. ಆದರೆ ಆ ಜೀಪು ಅಷ್ಟು ಕಡಿದಾದ ದಾರಿಯನ್ನು ಹೇಗೆ ಹತ್ತಿತು, ಅದಕ್ಕಿಂತ ಮುಖ್ಯವಾಗಿ ಹೇಗೆ ಇಳಿಯಿತು ಎಂದು ಕೇಳುವವರು ಕಡಿಮೆ.

ನನ್ನ ಅಕ್ಕನನ್ನು ಕೊಟ್ಟಿರುವುದು ನಿಟ್ಟೂರಿನ ಕಡೆಗೆ. ಭಾವ ಇಪ್ಪತ್ತು ವರ್ಷಗಳಿಂದ ಈ ಬೆಟ್ಟಕ್ಕೆ ಜೀಪು ಓಡಿಸುತ್ತಿದ್ದಾರೆ. ಕಳೆದ ವರ್ಷ ನವರಾತ್ರಿಗೆ ಸ್ವಲ್ಪ ಮುಂಚೆ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಎಪ್ಪತ್ತೆರಡು ವರ್ಷದ ಅಮ್ಮನಿಗೆ ಬೆಟ್ಟದ ಮೇಲಿನ ಮೂಲಸ್ಥಾನಕ್ಕೆ ಒಮ್ಮೆ ಹೋಗಿ ಬರಬೇಕೆಂಬ ಆಸೆ. "ಕಾಲು ಗಟ್ಟಿ ಇರುವಾಗ ಮಗಳ ಮನೆ ಬಾಣಂತನ, ಮೊಮ್ಮಕ್ಕಳು ಅಂತ ಆಯ್ತು. ಈಗ ಅಳಿಯಂದ್ರ ಜೀಪೇ ಗತಿ" ಎನ್ನುತ್ತಿದ್ದರು. ಆ ಮೂರು ದಿನಗಳಲ್ಲಿ ನಾನು ಕೊಡಚಾದ್ರಿಯನ್ನು ಮೇಲಿನಿಂದ ನೋಡಿದ್ದಕ್ಕಿಂತ ಹೆಚ್ಚಾಗಿ ಜೀಪಿನ ಅಡಿಯಿಂದ ತಿಳಿದುಕೊಂಡೆ.

ಬೆಟ್ಟ ಮತ್ತು ದಾರಿ

ಕೊಡಚಾದ್ರಿ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ. ಎತ್ತರ 1343 ಮೀಟರ್. ಸುತ್ತಲೂ ಮೂಕಾಂಬಿಕಾ ವನ್ಯಜೀವಿ ಧಾಮದ ದಟ್ಟ ಕಾಡು. ಕರಾವಳಿಯ ಕಡೆಯಿಂದ ಬರುವವರಿಗೆ ಕೊಲ್ಲೂರಿನಲ್ಲಿ ಜೀಪು ಸಿಗುತ್ತದೆ. ಘಟ್ಟದ ಮೇಲಿನಿಂದ ಬರುವವರು ನಿಟ್ಟೂರು, ಕಟ್ಟಿನಹೊಳೆಯ ಕಡೆಯಿಂದ ಹತ್ತುತ್ತಾರೆ. ಕೊಲ್ಲೂರಿನಿಂದ ಹೊರಟರೂ ನಾಗೋಡಿ ಘಟ್ಟ ಹತ್ತಿ ಸುತ್ತಿಕೊಂಡು ಇದೇ ದಾರಿಗೆ ಬರಬೇಕು. ಡಾಂಬರು ಮುಗಿದ ಮೇಲೆ ಕೊನೆಯ ಹತ್ತು ಕಿಲೋಮೀಟರಿನಷ್ಟು ದೂರವೇ ಎಲ್ಲರೂ ಕಥೆ ಹೇಳುವ ದಾರಿ. ಕೆಂಪು ಮಣ್ಣು, ಮೊಣಕಾಲುದ್ದದ ಕೊರಕಲು, ಉರುಳುವ ಕಲ್ಲು, ಅಡ್ಡ ಹರಿಯುವ ನೀರು.

ಮಳೆಯ ಬಗ್ಗೆ ಹೇಳುವುದೇ ಬೇಡ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದಾದ ಹುಲಿಕಲ್ ಇರುವುದೂ ಇದೇ ತಾಲ್ಲೂಕಿನಲ್ಲಿ. ಜೋರು ಮಳೆಗಾಲದಲ್ಲಿ ಬೆಟ್ಟಕ್ಕೆ ಜೀಪು ಹೋಗುವುದೇ ಕಷ್ಟ. ಮಳೆ ಹಿಡಿತ ಬಿಟ್ಟು ನವರಾತ್ರಿ ಹತ್ತಿರ ಬಂದಾಗ ಕೊಲ್ಲೂರು ತುಂಬಿಕೊಳ್ಳುತ್ತದೆ. ವಿಜಯದಶಮಿಯ ದಿನ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಕೇರಳದಿಂದಲೂ ಜನ ಬರುತ್ತಾರೆ. ಹಾಗೆ ಬಂದವರಲ್ಲಿ ಬಹಳ ಮಂದಿ ಬೆಟ್ಟವನ್ನೂ ಹತ್ತುತ್ತಾರೆ. ಜೀಪಿನವರ ವರ್ಷದ ದುಡಿಮೆ ಶುರುವಾಗುವುದು ಆಗಲೇ.

ಕಣದ ಎತ್ತು, ಜೀಪಿನ ಚಕ್ರ

ನಾವು ತಲುಪಿದ ಮಾರನೆಯ ದಿನ ಬೆಳಿಗ್ಗೆ ಭಾವ ಅಂಗಳದಲ್ಲಿ ಜೀಪಿನ ಅಡಿ ಮಲಗಿದ್ದರು. ಬರೀ ಎರಡು ಕಾಲು ಕಾಣುತ್ತಿದ್ದವು. ಕಾಫಿ ಲೋಟ ಹಿಡಿದು ಹೋದೆ.

"ಏನು ಭಾವ, ರಿಪೇರಿಯಾ?"

"ರಿಪೇರಿ ಅಲ್ಲ ಮಾರಾಯ್ತಿ, ಹೌಸಿಂಗ್ ಆಯಿಲ್ ಬದಲಾಯಿಸೋದು. ಇಂಜಿನ್ ಆಯಿಲ್ ಎಲ್ಲರೂ ಬದಲಾಯಿಸ್ತಾರೆ. ಇದು ಕಣ್ಣಿಗೆ ಕಾಣೋದಿಲ್ಲ ನೋಡು, ಅದಕ್ಕೆ ಯಾರಿಗೂ ನೆನಪಾಗೋದಿಲ್ಲ."

ನಾನೂ ಬಗ್ಗಿ ನೋಡಿದೆ. ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಒಂದು ಕಬ್ಬಿಣದ ಗುಂಡು. ಮುಂದಿನ ಚಕ್ರಗಳ ನಡುವೆಯೂ ಅಂಥದೇ ಒಂದು. ಇವೇ ಹೌಸಿಂಗ್. ಒಳಗೆ ಇರುವುದು ಡಿಫರೆನ್ಶಿಯಲ್. ಗ್ಯಾರೇಜಿನವರು ಬರೀ 'ಕ್ರೌನ್' ಎನ್ನುವುದೂ ಉಂಟು. ಜೀಪಿನ ಹೊಟ್ಟೆಯ ನಡುವೆ ಗೇರ್‌ಬಾಕ್ಸಿಗೆ ಅಂಟಿಕೊಂಡಂತೆ ಇನ್ನೊಂದು ಪೆಟ್ಟಿಗೆ. ಅದು ಟ್ರಾನ್ಸ್‌ಫರ್ ಕೇಸ್.

ಡಿಫರೆನ್ಶಿಯಲ್ ಎಂದರೆ ಏನೆಂದು ಕೇಳಿದ್ದಕ್ಕೆ ಭಾವ ಹೇಳಿದ ಉದಾಹರಣೆ ನನಗೆ ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಹಿಡಿಸಿತು. "ಕಣದಲ್ಲಿ ಮೇಟಿಯ ಸುತ್ತ ಎತ್ತು ತುಳಿಸೋದು ನೋಡಿದ್ದೀಯಲ್ಲ? ಮೇಟಿ ಪಕ್ಕದ ಎತ್ತು ನಿಧಾನ ನಡೀತದೆ, ಹೊರಗಿನ ಎತ್ತು ಬಿರಬಿರನೆ ನಡೀತದೆ. ಎರಡೂ ಒಂದೇ ಹೆಜ್ಜೆ ಹಾಕ್ತೀವಿ ಅಂದ್ರೆ ಹಗ್ಗ ಹರೀತದೆ. ಗಾಡಿ ತಿರುವಿನಲ್ಲೂ ಹಂಗೇ. ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು. ಎರಡಕ್ಕೂ ಬೇರೆ ಬೇರೆ ಓಡೋಕೆ ಬಿಟ್ಟು, ಎರಡಕ್ಕೂ ಶಕ್ತಿ ಹಂಚೋದು ಇದರ ಕೆಲಸ."

19ನೇ ಶತಮಾನದ ಮೊದಲರ್ಧದಲ್ಲೇ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬಾತ ಹಬೆ ಗಾಡಿಗಾಗಿ ಇಂಥ ಡಿಫರೆನ್ಶಿಯಲ್‌ಗೆ ಪೇಟೆಂಟ್ ಪಡೆದಿದ್ದ. ಇಂದಿಗೂ ಕಾರು, ಬಸ್ಸು, ಲಾರಿಗಳಲ್ಲಿ ಇರುವುದು ಅದೇ ತತ್ವ.

ಟ್ರಾನ್ಸ್‌ಫರ್ ಕೇಸಿನ ಕೆಲಸ ಬೇರೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮಾತ್ರ ಕೊಡಬೇಕೋ, ಮುಂದಿನವಕ್ಕೂ ಕೊಡಬೇಕೋ ಎಂದು ನಿರ್ಧರಿಸುವ ಕವಲು ಅದು. ಡ್ರೈವರ್ ಪಕ್ಕದಲ್ಲಿ ಗೇರಿನ ಜೊತೆ ಇರುವ ಸಣ್ಣ ಹಿಡಿ ಇದಕ್ಕೇ. ಅದರಲ್ಲಿ 'ಲೋ' ಎಂಬ ಹಂತ ಇರುತ್ತದೆ. ಲೋಗೆ ಹಾಕಿದರೆ ವೇಗ ಇಳಿಯುತ್ತದೆ, ಎಳೆಯುವ ಬಲ ಏರುತ್ತದೆ. ಹತ್ತುವಾಗ ಇದು ಬೇಕು. ಇಳಿಯುವಾಗ ಇನ್ನೂ ಹೆಚ್ಚು ಬೇಕು. ಹತ್ತು ಕಿಲೋಮೀಟರ್ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಬಂದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಲೋ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ವಿಲ್ಲಿಸ್ ಜೀಪಿನಲ್ಲೂ ಇದೇ ವ್ಯವಸ್ಥೆ ಇತ್ತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬೈಯಲ್ಲಿ ಆ ಜೀಪುಗಳನ್ನು ಜೋಡಿಸತೊಡಗಿತು. ಯುದ್ಧಕ್ಕೆ ಹುಟ್ಟಿದ ಗಾಡಿ ನಮ್ಮ ಕಾಫಿ ಎಸ್ಟೇಟು, ಅರಣ್ಯ ಇಲಾಖೆ, ಮಲೆನಾಡಿನ ಮನೆಗಳಿಗೆ ಬಂದು ಸೇರಿದ್ದು ಹೀಗೆ.

ಹಾಲು ಹೆಚ್ಚಾದ ಕಾಫಿ

ಆಯಿಲ್ ಬದಲಾಯಿಸುವುದಕ್ಕೂ ಒಂದು ಕ್ರಮ ಇದೆ. ಭಾವ ಮೊದಲು ಜೀಪನ್ನು ನಿಟ್ಟೂರು ಪೇಟೆಯವರೆಗೆ ಓಡಿಸಿಕೊಂಡು ಬಂದಿದ್ದರು. ಆಯಿಲ್ ಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ, ಕೆಸರನ್ನೂ ಜೊತೆಗೆ ಹೊತ್ತು ತರುತ್ತದೆ. ಆಮೇಲೆ ಸಮತಟ್ಟಾದ ಅಂಗಳದಲ್ಲಿ ನಿಲ್ಲಿಸಿ, ಕೈಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಜೀಪು ಎತ್ತರ ಇರುವುದರಿಂದ ಜಾಕ್ ಬೇಕಾಗಲಿಲ್ಲ.

ಹೌಸಿಂಗಿಗೆ ಎರಡು ಬೋಲ್ಟು. ಕೆಳಗಿನದು ಹಳೇ ಆಯಿಲ್ ಇಳಿಸಲು, ಮೇಲಿನದು ಹೊಸದು ತುಂಬಲು. ಭಾವ ಬೋಲ್ಟಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು ಮೊದಲು ಮೇಲಿನದಕ್ಕೆ ಸ್ಪ್ಯಾನರ್ ಹಾಕಿದರು.

"ಕೆಳಗಿಂದಲ್ವಾ ಮೊದಲು ಬಿಚ್ಚೋದು?" ಎಂದೆ.

"ಕೆಳಗಿಂದು ಬಿಚ್ಚಿ ಆಯಿಲ್ ಎಲ್ಲ ಇಳಿಸಿದ ಮೇಲೆ ಮೇಲಿಂದು ತುಕ್ಕು ಹಿಡಿದು ಬರಲಿಲ್ಲ ಅಂದ್ರೆ? ಗಾಡಿ ಇಲ್ಲೇ ಕೂತಿತು. ತುಂಬೋ ದಾರಿ ಖಾತ್ರಿ ಮಾಡ್ಕೊಂಡೇ ಖಾಲಿ ಮಾಡಬೇಕು."

ಸಂಸಾರಕ್ಕೂ ಸಲ್ಲುವ ಮಾತು ಎಂದು ಅಕ್ಕ ಅಡುಗೆಮನೆ ಕಿಟಕಿಯಿಂದಲೇ ಸೇರಿಸಿದಳು.

ಮುಂದಿನ ಹೌಸಿಂಗಿನ ಆಯಿಲ್ ಕಪ್ಪಗೆ, ದಪ್ಪಗೆ ಇಳಿಯಿತು. ಗಂಧಕದ ಘಾಟು ವಾಸನೆ. ಅದು ಹಾಳಾದ ವಾಸನೆಯಲ್ಲ, ಈ ಆಯಿಲಿನ ಗುಣವೇ ಹಾಗೆ. ಕ್ರೌನಿನ ಹಲ್ಲುಗಳು ಒಂದರ ಮೇಲೊಂದು ಒತ್ತಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಸಾಮಾನ್ಯ ಎಣ್ಣೆ ಹಿಂಡಿ ಹೋಗುತ್ತದೆ. ಅದಕ್ಕೇ ಗಂಧಕ, ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅವು ಹಲ್ಲಿನ ಮೇಲೆ ತೆಳುವಾದ ರಕ್ಷಾಪದರ ಕಟ್ಟುತ್ತವೆ. ಡಬ್ಬದ ಮೇಲಿನ 'ಇ.ಪಿ.' ಎಂಬ ಎರಡು ಅಕ್ಷರಕ್ಕೆ ಅತಿ ಒತ್ತಡ ತಡೆಯುವಂಥದ್ದು ಎಂದೇ ಅರ್ಥ.

ಕೆಳಗಿನ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇತ್ತು. ಅದಕ್ಕೆ ಬೂದುಬಣ್ಣದ ನುಣುಪು ಗಸಿ ಅಂಟಿಕೊಂಡಿತ್ತು. ಭಾವ ಬೆರಳಲ್ಲಿ ಉಜ್ಜಿ ನೋಡಿ, "ಇದು ಸವೆತದ ಹುಡಿ, ತೊಂದ್ರೆ ಇಲ್ಲ. ಚೂರು ಚೂರು ಕಬ್ಬಿಣ ಸಿಕ್ಕಿದ್ರೆ ಹಲ್ಲು ಮುರೀತಾ ಇದೆ ಅಂತ ಲೆಕ್ಕ" ಎಂದರು. ಟ್ರಾನ್ಸ್‌ಫರ್ ಕೇಸಿನದೂ ಸರಿ ಇತ್ತು.

ಕೊನೆಗೆ ಹಿಂದಿನ ಹೌಸಿಂಗಿನ ಬೋಲ್ಟು ಬಿಚ್ಚಿದಾಗ ಬಾಣಲೆಗೆ ಇಳಿದದ್ದು ಬೇರೆಯೇ ಬಣ್ಣ. ಹಾಲು ಹೆಚ್ಚಾದ ಕಾಫಿಯಂತೆ ಬೆಳ್ಳಗೆ, ನೊರೆನೊರೆ. ಭಾವನ ಮಾತು ನಿಂತಿತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ನೀರು ಹೋಗಿದೆ" ಎಂದರು.

ಒಂದು ಬೆರಳುದ್ದದ ಪೈಪು

ಮುಚ್ಚಿದ ಕಬ್ಬಿಣದ ಗುಂಡಿನೊಳಗೆ ನೀರು ಹೇಗೆ ಹೋಯಿತು? ಇದನ್ನು ನಾಲ್ಕು ಚಕ್ರದ ಡ್ರೈವ್ ಇರುವ ಗಾಡಿ ಇಟ್ಟುಕೊಂಡಿರುವ ಎಲ್ಲರೂ ತಿಳಿದಿರಬೇಕು.

ಗಾಡಿ ಓಡಿದಾಗ ಹೌಸಿಂಗ್ ಬಿಸಿಯಾಗುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಹೋಗಿ ಒಳಬರಲು ಮೇಲ್ಗಡೆ ಬೆರಳುದ್ದದ ಒಂದು ಉಸಿರುನಳಿಗೆ ಇರುತ್ತದೆ. ಬ್ರೀದರ್ ಎನ್ನುತ್ತಾರೆ. ಮಳೆಗಾಲದ ಕೆಸರು ಹಾರಿ ಹಾರಿ ಅದು ಕಟ್ಟಿಕೊಂಡರೆ ಎರಡು ಅನಾಹುತ. ಬಿಸಿಯಾದಾಗ ಹಿಗ್ಗಿದ ಗಾಳಿ ದಾರಿ ಕಾಣದೆ ಆಯಿಲನ್ನು ಚಕ್ರದ ಕಡೆಯ ರಬ್ಬರ್ ಸೀಲಿನ ಸಂದಿಯಿಂದ ಹೊರಗೆ ತಳ್ಳುತ್ತದೆ. ಅದೇ ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ, ಅದೇ ಸಂದಿಯಿಂದ ನೀರನ್ನು ಒಳಗೆ ಹೀರಿಕೊಳ್ಳುತ್ತದೆ.

ಭಾವ ಬ್ರೀದರ್ ಬಿಚ್ಚಿ ತಂತಿ ಹಾಕಿದರು. ಕೆಂಪು ಮಣ್ಣು ಗಟ್ಟಿಯಾಗಿ ಬೆಣೆಯಂತೆ ಕೂತಿತ್ತು. ನೀರು ಬೆರೆತ ಆಯಿಲ್ ಹಲ್ಲನ್ನು ಕಾಪಾಡುವುದಿಲ್ಲ, ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಆದರೆ ಅವರ ಚಿಂತೆ ಅದಾಗಿರಲಿಲ್ಲ. ತೆವಳಿಕೊಂಡು ಹಿಂದಿನ ಎಡಚಕ್ರದ ಒಳಬದಿಗೆ ಟಾರ್ಚ್ ಹಿಡಿದರು. ಡ್ರಮ್ಮಿನ ಅಂಚಿನಲ್ಲಿ ಒದ್ದೆಯಾದ ಕಪ್ಪು ಗೆರೆ. ಚಕ್ರ ಕಳಚಿ ಡ್ರಮ್ ತೆಗೆದರೆ ಬ್ರೇಕಿನ ಲೈನರ್ ಮೇಲೆಲ್ಲ ಗೇರ್ ಆಯಿಲ್ ಮೆತ್ತಿತ್ತು.

ಎಣ್ಣೆ ಕುಡಿದ ಲೈನರ್ ಹಿಡಿಯುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗದಿರಬಹುದು. ಎಂಟು ಜನರನ್ನು ಕೂರಿಸಿಕೊಂಡು ಬೆಟ್ಟ ಇಳಿಯುವಾಗ ಒಂದು ಚಕ್ರ ಹಿಡಿದು ಇನ್ನೊಂದು ಜಾರಿದರೆ ಏನಾಗುತ್ತದೆಂದು ನಾನು ಕೇಳಲಿಲ್ಲ. ಅಂಗಳಕ್ಕೆ ಬಂದು ನಿಂತಿದ್ದ ಅಕ್ಕನ ಮುಖ ನೋಡಿದರೆ ಸಾಕಿತ್ತು.

ಮರುದಿನ ಶನಿವಾರ. ಸೀಸನ್ನಿನ ಮೊದಲ ಒಳ್ಳೆಯ ಬಾಡಿಗೆ ಬೆಳಿಗ್ಗೆ ಆರಕ್ಕೆ ಗೊತ್ತಾಗಿತ್ತು. ಇಬ್ಬರು ವಯಸ್ಸಾದವರು, ಮೂವರು ಮಕ್ಕಳಿರುವ ಒಂದು ಕುಟುಂಬ. ನಾಲ್ಕು ತಿಂಗಳು ಮಳೆಗೆ ಕೂತ ಮನೆಗೆ ಆ ಬಾಡಿಗೆ ಎಷ್ಟು ಮುಖ್ಯವೆಂದು ನನಗೂ ಗೊತ್ತಿತ್ತು.

"ಇವತ್ತೇ ಎಲ್ಲ ಸರಿ ಮಾಡೋಕಾಗಲ್ವಾ ಭಾವ?"

"ಸೀಲು, ಲೈನರ್ ಸಾಗರದಿಂದ ಬರಬೇಕು. ನಾಳೆ ಮಧ್ಯಾಹ್ನ ಆಗ್ತದೆ."

"ಒಂದು ಟ್ರಿಪ್ ತಾನೇ, ನಿಧಾನಕ್ಕೆ ಲೋ ಗೇರಲ್ಲಿ..." ಎಂದು ಅಮ್ಮ ಶುರು ಮಾಡಿದರು. ಅಳಿಯನಿಗೆ ನಷ್ಟವಾಗಬಾರದೆಂಬ ಸಂಕಟ ಅವರದು.

"ಅತ್ತೆ, ಬರೋರಿಗೆ ಗೊತ್ತಿಲ್ಲ, ಆದ್ರೆ ನನಗೆ ಗೊತ್ತಲ್ಲ" ಎಂದಷ್ಟೇ ಹೇಳಿ ಭಾವ ಕೈ ಒರೆಸಿಕೊಂಡು ಫೋನ್ ತೆಗೆದರು. ಬಾಡಿಗೆಯನ್ನು ಪಕ್ಕದೂರಿನ ಇನ್ನೊಬ್ಬ ಜೀಪಿನವರಿಗೆ ಕೊಟ್ಟರು. ಅಕ್ಕ ಏನೂ ಮಾತಾಡದೆ ಒಳಗೆ ಹೋಗಿ ಇನ್ನೊಂದು ಸುತ್ತು ಕಾಫಿ ತಂದಳು.

ತುಂಬುವ ಲೆಕ್ಕ

ನೀರು ಹೋದ ಹೌಸಿಂಗಿಗೆ ಒಂದೇ ಸಲ ಹೊಸ ಆಯಿಲ್ ಹಾಕಿದರೆ ಸಾಲದು. ಶನಿವಾರ ಮಧ್ಯಾಹ್ನ ಸಾಮಾನು ಬಂತು. ಸೀಲು, ಲೈನರ್ ಹೊಸದು ಹಾಕಿ, ಡ್ರಮ್ ತೊಳೆದು ಒಣಗಿಸಿದ ಮೇಲೆ ಭಾವ ಹೌಸಿಂಗಿಗೆ ಆಯಿಲ್ ತುಂಬಿ, ಊರೊಳಗೇ ಸ್ವಲ್ಪ ದೂರ ಓಡಿಸಿ ಮತ್ತೆ ಇಳಿಸಿದರು. ಅದರಲ್ಲೂ ತುಸು ಬಿಳುಪು ಇತ್ತು. ಎರಡನೇ ಸಲ ತುಂಬಿದ್ದೇ ನಿಜವಾದ ಆಯಿಲ್.

ಎಷ್ಟು ತುಂಬಬೇಕು ಎಂಬುದಕ್ಕೆ ಈ ಜೀಪಿನಲ್ಲಿ ಅಳತೆಗೋಲು ಇಲ್ಲ. ಮೇಲಿನ ಬೋಲ್ಟಿನ ತೂತೇ ಅಳತೆ. ಪಂಪಿನಿಂದ ತುಂಬುತ್ತಾ ಹೋದರೆ ಒಂದು ಹಂತದಲ್ಲಿ ಆಯಿಲ್ ತೂತಿನ ಅಂಚಿನಿಂದ ನಿಧಾನವಾಗಿ ಹೊರಗೆ ಜಿನುಗುತ್ತದೆ. ಅಲ್ಲಿಗೆ ನಿಲ್ಲಿಸಿ ಬೋಲ್ಟು ಹಾಕಬೇಕು. ಗಾಡಿ ಸಮತಟ್ಟಾಗಿ ನಿಲ್ಲಬೇಕೆನ್ನುವುದು ಇದಕ್ಕೇ. ವಾಲಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ. ಬೋಲ್ಟಿನ ವಾಷರ್ ಹೊಸದು ಹಾಕಿದರೆ ಸೋರುವುದಿಲ್ಲ. ಬ್ರೀದರಿಗೆ ಭಾವ ಈ ಸಲ ಉದ್ದನೆಯ ರಬ್ಬರ್ ಪೈಪು ಸಿಕ್ಕಿಸಿ, ಕೆಸರು ನೀರು ತಲುಪದಷ್ಟು ಮೇಲಕ್ಕೆ ಕಟ್ಟಿದರು.

ಹಳೇ ಆಯಿಲನ್ನು ಮಾತ್ರ ನೆಲಕ್ಕೆ ಚೆಲ್ಲಲಿಲ್ಲ. ಹಿಂದಿನವರು ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಬಳಿಯುತ್ತಿದ್ದರಂತೆ. ಭಾವ ಡಬ್ಬದಲ್ಲಿ ತುಂಬಿಟ್ಟು ಹಳೇ ಆಯಿಲ್ ಕೊಳ್ಳುವವರಿಗೆ ಕೊಡುತ್ತಾರೆ. ಕೊಲ್ಲೂರಿನಲ್ಲಿ ಭಕ್ತರು ಮೀಯುವ ಸೌಪರ್ಣಿಕೆ ಹುಟ್ಟುವುದು ಕೊಡಚಾದ್ರಿಯ ಸಾಲಿನಲ್ಲೇ. ಇಲ್ಲಿನ ಮಣ್ಣಿಗೆ ಬಿದ್ದದ್ದು ಯಾವುದಾದರೂ ಹೊಳೆ ಸೇರದೆ ಇರುವುದಿಲ್ಲ.

ಕಬ್ಬಿಣದ ಕಂಬದ ಮುಂದೆ

ಭಾನುವಾರ ಬೆಳಿಗ್ಗೆ ನಾವೇ ಮೊದಲ ಪ್ರಯಾಣಿಕರು. ಡಾಂಬರು ಮುಗಿಯುವ ತನಕ ಭಾವ ಫೋರ್ ವೀಲ್ ಹಾಕಲಿಲ್ಲ. ಇಂಥ ಹಳೇ ಜೀಪಿನಲ್ಲಿ ಮುಂದಿನ, ಹಿಂದಿನ ಚಕ್ರಗಳ ನಡುವೆ ಡಿಫರೆನ್ಶಿಯಲ್ ಇರುವುದಿಲ್ಲ. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಿದರೆ ಟ್ರಾನ್ಸ್‌ಫರ್ ಕೇಸಿಗೆ ಏಟು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿತವನ್ನು ಕಳೆದುಕೊಳ್ಳುತ್ತದೆ.

ಮಣ್ಣಿನ ದಾರಿ ಶುರುವಾದ ಕೂಡಲೇ ಸಣ್ಣ ಹಿಡಿ ಎಳೆದರು. ಜೀಪು ನಡೆಯುವ ವೇಗಕ್ಕೆ ಬಂತು, ಸದ್ದು ಗಂಭೀರವಾಯಿತು. ಕಲ್ಲಿನ ಮೆಟ್ಟಿಲಿನಂಥ ಜಾಗದಲ್ಲಿ ಒಂದು ಚಕ್ರ ಗಾಳಿಯಲ್ಲಿ, ಇನ್ನೊಂದು ಗುಂಡಿಯಲ್ಲಿ. ಅಮ್ಮ ನನ್ನ ಕೈ ಹಿಡಿದುಕೊಂಡು ಲಲಿತಾ ಸಹಸ್ರನಾಮ ಹೇಳುತ್ತಿದ್ದರು. ಆದರೆ ಕಣ್ಣು ಮುಚ್ಚಿರಲಿಲ್ಲ.

ಮೇಲೆ ಮೂಲಸ್ಥಾನದ ಮುಂದೆ ಒಂದು ಹಳೆಯ ಕಬ್ಬಿಣದ ಕಂಬ ಇದೆ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲ ಎಂದು ಭಕ್ತರ ನಂಬಿಕೆ. ಸಾಂಪ್ರದಾಯಿಕ ವಿಧಾನದಲ್ಲಿ ತಯಾರಾದ ಕಬ್ಬಿಣ ಎಂದು ಲೋಹ ಅಧ್ಯಯನ ಮಾಡಿದವರ ಮಾತು. ಇಷ್ಟು ಮಳೆಗೆ ಮೈಯೊಡ್ಡಿಯೂ ಅದು ಕರಗಿಲ್ಲ. ಭಾವ ಕಂಬಕ್ಕೆ ಕೈಮುಗಿದು, "ಇದಕ್ಕೆ ಆಯಿಲ್ ಬೇಡ, ನೋಡು. ನಮ್ಮ ಕಬ್ಬಿಣಕ್ಕೆ ಪ್ರತಿ ವರ್ಷ ಬೇಕು" ಎಂದು ನಕ್ಕರು. ಅಲ್ಲಿಂದ ಶಂಕರಾಚಾರ್ಯರ ಸರ್ವಜ್ಞಪೀಠಕ್ಕೆ ನಡೆದೇ ಹೋಗಬೇಕು. ಅಮ್ಮ ಅರ್ಧ ದಾರಿ ನಡೆದು ಒಂದು ಬಂಡೆಯ ಮೇಲೆ ಕೂತರು. ಮಂಜು ಸರಿದಾಗ ಕೆಳಗೆ ಹಸಿರು ಕಣಿವೆ ಪದರಪದರವಾಗಿ ತೆರೆದುಕೊಂಡಿತು. "ಇಷ್ಟು ಸಾಕು, ತೃಪ್ತಿ ಆಯ್ತು" ಎಂದರು.

ಇಳಿಯುವಾಗ ಭಾವನ ಕಾಲನ್ನೇ ಗಮನಿಸುತ್ತಿದ್ದೆ. ಬ್ರೇಕಿನ ಮೇಲೆ ಕಾಲು ಇಟ್ಟದ್ದು ಬೆರಳೆಣಿಕೆಯಷ್ಟು ಸಲ. ಉಳಿದಂತೆ ಇಂಜಿನ್ನು, ಟ್ರಾನ್ಸ್‌ಫರ್ ಕೇಸು, ಎರಡು ಹೌಸಿಂಗ್ ಸೇರಿ ನಮ್ಮನ್ನು ಹಿಡಿದು ಇಳಿಸಿದವು.

ನಿಮ್ಮ ಮನೆಯ ಗಾಡಿಗೆ

ಈಗ ಪೇಟೆಯಲ್ಲೂ ನಾಲ್ಕು ಚಕ್ರದ ಡ್ರೈವ್ ಇರುವ ಗಾಡಿಗಳು ಹೆಚ್ಚಾಗಿವೆ. ಭಾವ ಹೇಳಿಕೊಟ್ಟದ್ದನ್ನು ಚಿಕ್ಕದಾಗಿ ಹೇಳುತ್ತೇನೆ.

ಎಲ್ಲ ಗಾಡಿಗೂ ಒಂದೇ ಆಯಿಲ್ ಅಲ್ಲ. ಕೆಲವು ಟ್ರಾನ್ಸ್‌ಫರ್ ಕೇಸುಗಳಿಗೆ ದಪ್ಪ ಗೇರ್ ಆಯಿಲ್, ಚೈನ್ ಇರುವ ಕೆಲವಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಆಯಿಲ್. 'ಜಿ.ಎಲ್.-4', 'ಜಿ.ಎಲ್.-5' ಎಂಬ ದರ್ಜೆಗಳೂ ಬೇರೆ. ಕ್ರೌನಿಗೆ ಸರಿಹೋಗುವುದು ಗೇರ್‌ಬಾಕ್ಸಿನ ಹಿತ್ತಾಳೆ ಭಾಗಗಳಿಗೆ ಆಗದಿರಬಹುದು. ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಬರೆದದ್ದೇ ಅಂತಿಮ.

ಕೈಪಿಡಿ ಹೇಳುವ ಕಿಲೋಮೀಟರ್ ಲೆಕ್ಕ ಸಾಮಾನ್ಯ ರಸ್ತೆಗೆ. ಗಾಡಿ ಹೊಳೆ ದಾಟಿದ್ದರೆ, ನೆರೆನೀರಿನಲ್ಲಿ ಹೌಸಿಂಗ್ ಮುಳುಗಿದ್ದರೆ ಆ ಲೆಕ್ಕ ಬಿಡಿ, ಕೂಡಲೇ ಆಯಿಲ್ ನೋಡಿಸಿ. ಬೆಳ್ಳಗಾಗಿದ್ದರೆ ಬದಲಾಯಿಸಿ, ಬ್ರೀದರನ್ನೂ ನೋಡಿಸಿ.

ಕೊಡಚಾದ್ರಿಗೆ ಹೋಗುವವರಿಗೂ ಒಂದು ಮಾತು. ಹತ್ತುವ ಮುಂಚೆ ಒಮ್ಮೆ ಬಗ್ಗಿ ಜೀಪಿನ ಹಿಂದಿನ ಚಕ್ರಗಳ ಒಳಬದಿ ನೋಡಿ. ಒದ್ದೆ ಎಣ್ಣೆ ಕಂಡರೆ ಡ್ರೈವರನ್ನು ಕೇಳಿ. "ಕೇಳಿದ್ರೆ ನಮಗೆ ಬೇಜಾರಿಲ್ಲ" ಎನ್ನುತ್ತಾರೆ ಭಾವ, "ಕೇಳೋರು ಒಬ್ಬರಿದ್ರೆ ನಾವೂ ಇನ್ನೊಂದ್ಸಲ ನೋಡ್ತೀವಿ."